ಹೊಸ್ತಿಲು ದಾಟಿದ ಮೇಸ್ತ್ರಿ

"ಮೇಸ್ತ್ರಿ ಇಲ್ವಾ ಅಕ್ಕಾ?"

ಬುರುಲ್ ತಲೆ ಎತ್ತಲಿಲ್ಲ. ಕೈಯಲ್ಲಿ ಸ್ಕ್ರೂಡ್ರೈವರ್, ಬಾಯಲ್ಲಿ ಎರಡು ಸ್ಕ್ರೂ. ಎದುರಿಗೆ ಮುಚ್ಚಳ ಬಿಚ್ಚಿಸಿಕೊಂಡು ಮಲಗಿದ್ದ ಯಾರದೋ ಕಂಪ್ಯೂಟರ್.

"ಅಕ್ಕಾ, ನಿಮ್ಮನ್ನೇ ಕೇಳ್ತಿರೋದು. ಕಂಪ್ಯೂಟರ್ ರಿಪೇರಿ ಮೇಸ್ತ್ರಿ ಎಲ್ಲಿ?"

ಅವಳು ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡು ನಿಧಾನವಾಗಿ ಅವನ ಮುಖ ನೋಡಿದಳು.

"ಕಣ್ಣೆದುರಿಗೇ ಕೂತಿದಾಳೆ. ಕಾಣಿಸ್ತಿಲ್ವಾ? ಹಾಗಾದ್ರೆ ಹಿಂದಿನ ಸಾಲಲ್ಲಿ ಕನ್ನಡಕದ ಅಂಗಡಿ ಇದೆ, ಮೊದಲು ಅಲ್ಲಿಗೆ ಹೋಗಿ ಬನ್ನಿ!"

ಪಕ್ಕದಲ್ಲಿ ಒಣಮೊಸರಿನ ಉಂಡೆ ಮಾರುವ ಗುಲ್ಸುನ್ ಚಿಕ್ಕಮ್ಮ ಕಿಸಕ್ಕನೆ ನಕ್ಕಳು. ಬಂದವನ ಕಿವಿ ಕೆಂಪಾದವು. ಎತ್ತರದ ಆಳು. ಬಿಸಿಲಿಗೆ ಸುಟ್ಟ ಮುಖ, ಮೈಯೆಲ್ಲ ಕುದುರೆಯ ವಾಸನೆ. ತಲೆಯ ಮೇಲಿದ್ದ ಬಿಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ತಪ್ಪಾಯ್ತು. ನನ್ನ ಹೆಸರು ತಿಲೆಕ್. ನಮ್ಮನೇಲಿ ಒಂದು ಹಳೇ ಕಂಪ್ಯೂಟರ್ ಇದೆ, ಏಳ್ತಾನೇ ಇಲ್ಲ..."

"ತಗೊಂಡು ಬನ್ನಿ."

"ಅಜ್ಜಿ ಬಿಡಲ್ಲ. ತೀರಿಹೋದ ಅಜ್ಜಂದು ಅದು. ಹದಿನೇಳು ವರ್ಷ ಕೂತು ನಮ್ಮ ಕುದುರೆಗಳ ವಂಶಾವಳಿನೆಲ್ಲ ಅದರಲ್ಲೇ ಟೈಪ್ ಮಾಡಿಟ್ಟಿದಾರೆ. ಹೊಸ್ತಿಲಾಚೆ ಕಳಿಸಲ್ಲ ಅಂತ ಹಟ. ನೀವೇ ಒಂದ್ಸಲ ಮನೆಗೆ..."

"ನಾನು ಯಾರ ಮನೆಗೂ ಹೋಗಲ್ಲ."

ಅವಳ ದನಿ ಎಷ್ಟು ಗಡಸಾಗಿತ್ತೆಂದರೆ ಗುಲ್ಸುನ್ ಚಿಕ್ಕಮ್ಮನ ನಗು ಅಲ್ಲೇ ನಿಂತುಹೋಯಿತು.

ಕೊಚ್ಕೋರ್ ಎಂಬ ಆ ಬೆಟ್ಟದೂರಿನ ಬಜಾರಿನಲ್ಲಿ ಅದರ ಕಾರಣ ಗೊತ್ತಿಲ್ಲದವರಿಲ್ಲ. ನಾಲ್ಕು ವರ್ಷಗಳ ಹಿಂದೆ, ಹಾಡಹಗಲಲ್ಲೇ, ಮೂವರು ಗಂಡಸರು ಬುರುಲ್‌ಳನ್ನು ಕಾರಿಗೆ ಎಳೆದುಹಾಕಿಕೊಂಡು ಒಂದು ಮನೆಗೆ ಒಯ್ದಿದ್ದರು. ಎರಡು ಸಲ ಕಂಡಿದ್ದ, ಒಂದು ಸಲವೂ ಮಾತಾಡದ ಒಬ್ಬನಿಗೆ ಹೆಂಡತಿಯಾಗಲು. ಹುಡುಗಿಯನ್ನು ಹೊತ್ತೊಯ್ದು ಮದುವೆಯಾಗುವುದು ಆ ಕಡೆಯ ಹಳೆಯ ರೂಢಿ. ಹೆಂಗಸರು ಸುತ್ತುವರಿದು ಅವಳ ತಲೆಗೆ, ಮದುವೆಗೆ ಒಪ್ಪಿದಳೆಂಬ ಗುರುತಿನ ಬಿಳಿ ವಸ್ತ್ರ ಹೊದಿಸಲು ನೋಡಿದರು. ಅವಳು ಕಿತ್ತೆಸೆದಳು. ಮತ್ತೆ ಹೊದಿಸಿದರು, ಮತ್ತೆ ಎಸೆದಳು. ಕೊನೆಗೆ ಆ ಮನೆಯ ಅಜ್ಜಿ ಬಂದು ಹೊಸ್ತಿಲಿಗೆ ಅಡ್ಡಡ್ಡ ಮಲಗಿಬಿಟ್ಟಳು.

ಹಿರಿಯಳನ್ನು ದಾಟಿ ಹೋದವಳಿಗೆ ಜನ್ಮದಲ್ಲಿ ಏಳ್ಗೆಯಿಲ್ಲವಂತೆ! ಆ ಒಂದು ಹೆದರಿಕೆಗೇ ಎಷ್ಟು ಹುಡುಗಿಯರು ತಿರುಗಿ ಹೋಗಿ ಕೂತಿದ್ದಾರೋ, ಲೆಕ್ಕ ಇಟ್ಟವರಿಲ್ಲ.

ಬುರುಲ್ ದಾಟಿದಳು. ಎಂಟು ಕಿಲೋಮೀಟರ್ ನಡೆದು ಮನೆಗೆ ಬಂದಳು.

ಅಂದಿನಿಂದ ಅವಳು 'ಹೊಸ್ತಿಲು ದಾಟಿದವಳು'. ಒಂದೇ ಒಂದು ಸಂಬಂಧ ಬರಲಿಲ್ಲ. ಬರದಿದ್ದರೆ ಬೇಡ! ಬಜಾರಿನ ಕಬ್ಬಿಣದ ಕಂಟೇನರೊಂದರಲ್ಲಿ ಅಂಗಡಿ ತೆರೆದಳು. ಬೆನ್ನ ಹಿಂದೆ ಗುಸುಗುಸು ಎನ್ನುವವರೇ ಕಂಪ್ಯೂಟರ್ ಕೆಟ್ಟಾಗ ಮುಂಬಾಗಿಲಿಗೆ ಬರುತ್ತಿದ್ದರು.

"ಅಜ್ಜಿ ಕಳಿಸಲ್ಲ, ನಾನು ಬರಲ್ಲ," ಎಂದಳು ಬುರುಲ್. "ಉಳಿದಿರೋದು ನೀವೊಬ್ರೇ. ನಾನು ಹೇಳ್ಕೊಡ್ತೀನಿ, ನೀವು ಮಾಡಿ."

"ನಾನಾ? ನನಗೆ ಕುದುರೆಗೆ ಲಾಳ ಹೊಡೆಯೋದು ಬಿಟ್ರೆ..."

"ಸ್ವಿಚ್ ಹಾಕಿದಾಗ ಫ್ಯಾನ್ ತಿರುಗುತ್ತಾ?"

"...ನೋಡಿಲ್ಲ."

"ನೋಡ್ಕೊಂಡು ಬನ್ನಿ."

ಹೀಗೆ ಶುರುವಾಯಿತು. ಮಾರನೆಯ ದಿನ ಅವನು ಬಂದ.

"ಫ್ಯಾನ್ ತಿರುಗುತ್ತೆ ಅಕ್ಕಾ. ಪರದೆ ಮಾತ್ರ ಕಪ್ಪು."

"ಮೊದಲು ಅಕ್ಕಾ ಅನ್ನೋದು ನಿಲ್ಸಿ. ನನಗೆ ಇಪ್ಪತ್ತೇಳು. ನಿಮಗೆ?"

"ಮೂವತ್ತು."

"ನಾಚಿಕೆ ಆಗಲ್ವಾ? ಹೋಗಿ, ಪರದೆಯ ಕೇಬಲ್ ಬಿಚ್ಚಿ, ಮತ್ತೆ ಗಟ್ಟಿಯಾಗಿ ಸಿಗಿಸಿ ನೋಡಿ."

ಮರುದಿನ ಮತ್ತೆ ಬಂದ. ಕೇಬಲ್ಲಿನಿಂದ ಏನೂ ಆಗಿರಲಿಲ್ಲ. ಪ್ರಿಂಟರ್, ಸ್ಪೀಕರ್ ಎಲ್ಲ ಬಿಚ್ಚಿ ನೋಡಲು ಹೇಳಿ ಕಳಿಸಿದಳು.  ಅಂದು ಬರುವಾಗ ಒಂದು ಬಾಟಲಿ ಹುಳಿ ಕುದುರೆಹಾಲು ತಂದು, ಏನೂ ಹೇಳದೆ ಮೇಜಿನ ಮೇಲಿಟ್ಟಿದ್ದ.

ಅದರಿಂದಲೂ ಆಗಲಿಲ್ಲ. ನಾಲ್ಕನೆಯ ದಿನ ಫೋನಿನಲ್ಲಿ ಆ ಕಂಪ್ಯೂಟರಿನ ಕೂಗನ್ನು ರೆಕಾರ್ಡ್ ಮಾಡಿಕೊಂಡು ಬಂದ. ಇಬ್ಬರೂ ತಲೆ ಬಗ್ಗಿಸಿ ಕೇಳಿದರು. ಬೀಪ್... ಬೀಪ್... ಬೀಪ್... ಉದ್ದುದ್ದ, ನಿಲ್ಲದ ಕೂಗು.

"ಪಾಪ, ಅಳ್ತಿರೋ ಹಾಗಿದೆ ಅಲ್ವಾ?" ಎಂದ ತಿಲೆಕ್.

"ಅಳ್ತಿಲ್ಲ. ಎಲ್ಲಿ ನೋಯ್ತಿದೆ ಅಂತ ಬಾಯಿ ಬಿಟ್ಟು ಹೇಳ್ತಿದೆ. ಮನುಷ್ಯರಿಗಿಂತ ವಾಸಿ." ಬುರುಲ್‌ಗೆ ತಡೆಯಲಾಗದೆ ನಗು ಬಂತು. "ಒಳಗೆ ಮೆಮೊರಿಯ ಉದ್ದನೆ ಪಟ್ಟಿ ಇರುತ್ತೆ, ಅದು ಸರಿಯಾಗಿ ತಾಗ್ತಿಲ್ಲ. ಅದನ್ನ ಹೊರಗೆ ತೆಗೆದು, ಹಳದಿ ಗೆರೆಗಳನ್ನ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿ. ಪ್ಲಗ್ ಕಿತ್ತ ಮೇಲೆ! ಮರೀಬೇಡಿ, ಸತ್ತೀರಾ."

"ನಾನು ಸತ್ರೆ ನಿಮಗೆ ಬೇಜಾರಾಗುತ್ತಾ?"

"ಗಿರಾಕಿ ಕಮ್ಮಿ ಆಗ್ತಾರೆ."

ಅವನು ಹೋದ ಮೇಲೆ ಗುಲ್ಸುನ್ ಚಿಕ್ಕಮ್ಮ ಕತ್ತು ಚಾಚಿದಳು. "ಏನೇ ಹುಡುಗಿ, ಕೆಟ್ಟಿರೋದು ಕಂಪ್ಯೂಟರೋ, ಆ ಹುಡುಗನೋ?"

"ಚಿಕ್ಕಮ್ಮ, ನಿಮ್ಮ ಉಂಡೆ ನೋಡ್ಕೊಳ್ಳಿ, ನೊಣ ಕೂತಿದೆ."

ಆದರೆ ಎದೆ ಮಾತ್ರ ಹೇಳಿದ ಮಾತು ಕೇಳಲಿಲ್ಲ. 'ನಾಳೆ ಬರ್ತಾನೆ...' ಎಂದುಕೊಂಡೇ ಅವಳು ಅಂಗಡಿ ಮುಚ್ಚಿದಳು.

ಐದನೆಯ ದಿನ ಅವನ ಮುಖದಲ್ಲಿ ಎಂದಿನ ನಗೆಯಿರಲಿಲ್ಲ.

"ಬಜಾರಿನವರು ನಿಮ್ಮ ಕತೆ ಹೇಳಿದ್ರು. ಯಾರ ಮನೆ ಅಂತ ಮಾತ್ರ ಬಾಯಿ ಬಿಡಲಿಲ್ಲ. ಐದು ವರ್ಷ ನಾನು ರಷ್ಯಾದಲ್ಲಿ ಕೂಲಿ ಮಾಡ್ತಿದ್ದೆ, ಅಜ್ಜ ಹೋದ ಮೇಲೆ ಬಂದಿದ್ದು. ಗೊತ್ತಿರ್ಲಿಲ್ಲ."

"ಈಗ ಗೊತ್ತಾಯ್ತಲ್ಲ. ಮೈಲಿಗೆ ಆಗಿದ್ರೆ ಮನೆಗೆ ಹೋಗಿ ಸ್ನಾನ ಮಾಡಿ."

"ನಿಮ್ಮನ್ನ ಹೊತ್ತೊಯ್ದ ಮನೆಯವರಿಗೆ ನಾಚಿಕೆ ಆಗ್ಬೇಕು," ಎಂದ ತಿಲೆಕ್. "ಬಾಗಿಲಿಗೆ ಮಲಗಿದ ಆ ಮುದುಕಿಗಂತೂ... ನಾನಿದ್ದಿದ್ರೆ ನಾನೇ ಬಾಗಿಲು ಕಿತ್ತುಹಾಕ್ತಿದ್ದೆ."

ನಾಲ್ಕು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಹೆತ್ತ ತಾಯಿ ಕೂಡ! ಬುರುಲ್ ಕೈಗೆ ಸಿಕ್ಕ ಸ್ಕ್ರೂಡ್ರೈವರನ್ನು ಒರೆಸತೊಡಗಿದಳು.

"ರಬ್ಬರಿನಿಂದ ಉಜ್ಜಿದ್ರಾ?"

ಅವನು ಜೇಬಿನಿಂದ ರಬ್ಬರ್ ತೆಗೆದುಕೊಟ್ಟ. ಕಪ್ಪಗೆ, ಅಂಟಂಟಾಗಿತ್ತು. ಅವಳು ಮೂಸಿ ನೋಡಿದಳು. ಅರ್ಚಾ! ಕೆಟ್ಟದ್ದು ತೊಲಗಲೆಂದು ಮನೆಮನೆಯಲ್ಲಿ ಹಾಕುವ ಅರ್ಚಾ ಸೊಪ್ಪಿನ ಹೊಗೆ.

"ಕಂಪ್ಯೂಟರಿಗೆ ಯಾರ್ರೀ ಹೊಗೆ ಹಾಕ್ತಾರೆ?"

"ಅಜ್ಜಿ. ಮನೆಗೆಲ್ಲ ಹಾಕ್ತಾರೆ, ದಿನಾ ಬೆಳಿಗ್ಗೆ. ಅದಕ್ಕೆ ಸ್ವಲ್ಪ ಜಾಸ್ತಿ..."

"ಫ್ಯಾನ್ ಅಷ್ಟನ್ನೂ ಒಳಗೆಳ್ಕೊಂಡು ಅಂಟು ಮಾಡ್ಕೊಂಡಿದೆ. ಪಟ್ಟಿ ಉಜ್ಜಿದ್ರೆ ಸಾಲದು, ಅದು ಕೂರೋ ಜಾಗಾನೂ ತೊಳೀಬೇಕು. ಅದು ನಿಮ್ಮ ಕೈಲಿ ಆಗಲ್ಲ, ಬೋರ್ಡ್ ಮುರಿದುಹಾಕ್ತೀರಾ." ಅವಳು ಒಂದು ಕ್ಷಣ ತಡೆದಳು. "ಯಾವ ಊರು ನಿಮ್ಮದು?"

"ಕಿಜಿಲ್-ಬುಲಾಕ್."

ಬುರುಲ್‌ಳ ಕೈ ಅಲ್ಲೇ ನಿಂತಿತು. ಎಂಟು ಕಿಲೋಮೀಟರ್... ಅದೇ ಊರು.

'ಮುನ್ನೂರು ಮನೆ ಇರೋ ಊರು. ಒಂದು ಮನೆಗೋಸ್ಕರ ಇಡೀ ಊರಿಗೇ ಹೆದರಿಕೊಂಡು ಬದುಕಲಾ? ಇವನು ಅಂಥವನಲ್ಲ...'

"ನಾಳೆ ಹತ್ತು ಗಂಟೆಗೆ ಬರ್ತೀನಿ," ಎಂದಳು. "ಕಾರು ಗೀರು ಬೇಡ. ವ್ಯಾನಲ್ಲಿ ನಾನೇ ಬರ್ತೀನಿ."

ಮರುದಿನ ವ್ಯಾನ್ ನಿಲ್ಲುವ ಕಡೆ ತಿಲೆಕ್ ಕಾದಿದ್ದ. ಅವಳ ಚೀಲ ಹೊತ್ತುಕೊಂಡು ಪಕ್ಕದಲ್ಲಿ ಹೆಜ್ಜೆ ಹಾಕಿದ. ಒಂದು ತಿರುವು, ಎರಡನೆಯ ತಿರುವು... ಪಾಪ್ಲರ್ ಮರಗಳ ಸಾಲು...

ಅದೇ ನೀಲಿ ಗೇಟು.

ಅವಳು ಅಲ್ಲೇ ನಿಂತಳು. 

"ಇದು... ನಿಮ್ಮನೇನಾ?"

"ಹೌದು, ಯಾಕೆ?"

"ಯಾಕೆ ಅಂತೀಯಾ!" ಚೀಲವನ್ನು ಅವನ ಕೈಯಿಂದ ಕಿತ್ತುಕೊಂಡಳು. "ಒಂದು ವಾರ! ಫ್ಯಾನ್ ತಿರುಗುತ್ತೆ, ಪರದೆ ಕಪ್ಪು, ಅಕ್ಕಾ, ಕುದುರೆಹಾಲು... ಇಷ್ಟೆಲ್ಲ ನಾಟಕ ನನ್ನನ್ನ ಮತ್ತೆ ಇದೇ ಮನೆಗೆ ತರೋಕಾ? ಅವತ್ತು ಮೂರು ಜನ ಎಳ್ಕೊಂಡು ಬಂದ್ರು. ನೀನು ಒಬ್ಬನೇ, ನಗಿಸಿ ನಗಿಸಿ ಕರ್ಕೊಂಡು ಬಂದೆ! ಅವರಾದ್ರೂ ವಾಸಿ ಕಣೋ, ಸುಳ್ಳು ಹೇಳ್ಲಿಲ್ಲ!"

ತಿಲೆಕ್‌ನ ಮುಖ ಬಿಳಿಚಿಕೊಂಡಿತು. "ಈ ಮನೆ...? ಇಲ್ಲ... ಬುರುಲ್, ಆಣೆ ಮಾಡಿ ಹೇಳ್ತೀನಿ..."

"ಅವನಿಗೆ ಗೊತ್ತಿಲ್ಲಮ್ಮ."

ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಬಾಗಿದ ಬೆನ್ನು, ಕೈಯಲ್ಲಿ ಇನ್ನೂ ಹೊಗೆಯಾಡುತ್ತಿದ್ದ ಅರ್ಚಾ ಸೊಪ್ಪು. ಕೆಳಗಿನಿಂದ ತನ್ನನ್ನು ನೋಡಿದ್ದ ಆ ಕಣ್ಣುಗಳನ್ನು ಬುರುಲ್ ಹೇಗೆ ಮರೆತಾಳು?

"ನಿನ್ನನ್ನ ತಂದಿದ್ದು ಇವನ ಚಿಕ್ಕಪ್ಪನ ಮಗ. ಅವನು ಈಗ ಊರಲ್ಲಿಲ್ಲ. ಇವನಿಗೆ ನಾವ್ಯಾರೂ ಹೇಳಲಿಲ್ಲ, ಯಾವ ಮುಖ ಇಟ್ಕೊಂಡು ಹೇಳೋದು? ಬಜಾರಿನ ಆ ಕಂಟೇನರ್ ಅಂಗಡಿಗೇ ಹೋಗು, ಬೇರೆ ಯಾರ ಕೈಗೂ ಕೊಡಬೇಡ ಅಂದಿದ್ದು ನಾನೇ. ನೀನು ಬರಲ್ಲ ಅಂತ ಗೊತ್ತಿತ್ತು. ಬಂದ್ರೆ... ಒಂದು ಮಾತು ಹೇಳ್ಬೇಕಿತ್ತು."

"ಹೇಳಿ. ನಿಂತ್ಕೊಂಡೇ ಕೇಳ್ತೀನಿ."

"ನನಗೆ ಹದಿನೇಳು ವಯಸ್ಸಿದ್ದಾಗ ನನ್ನನ್ನೂ ಹೀಗೇ ತಂದ್ರು. ನಮ್ಮತ್ತೆಯ ಅತ್ತೆ ಈ ಬಾಗಿಲಿಗೇ ಮಲಗಿದ್ಲು. ನಾನು ದಾಟಲಿಲ್ಲ." ಮುದುಕಿ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. "ಎಲ್ಲಾ ಹುಡುಗೀರೂ ನನ್ನ ಹಾಗೇ ಕೂತ್ಕೋತಾರೆ ಅಂದ್ಕೊಂಡಿದ್ದೆ. ನೀನು ದಾಟಿದಾಗ ಮೊದಲು ಶಾಪ ಹಾಕಿದೆ. ಆಮೇಲೆ ನಿದ್ದೆ ಬರಲಿಲ್ಲ ತಾಯಿ. ನಾಲ್ಕು ವರ್ಷದಿಂದ ಈ ಹೊಗೆ ಹಾಕ್ತಿರೋದು ನಿನ್ನ ಕೆಡುಕು ಹೋಗ್ಲಿ ಅಂತಲ್ಲ. ನಂದು ಹೋಗ್ಲಿ ಅಂತ."

 ಬುರುಲ್ ಕರಗಲಿಲ್ಲ. ನಾಲ್ಕು ವರ್ಷ ಅನುಭವಿಸಿದವಳು ಅಷ್ಟು ಸುಲಭಕ್ಕೆ ಕರಗುತ್ತಾಳೆಯೇ!

"ಕ್ಷಮೆ ಇವತ್ತೇ ಕೊಡ್ತೀನಿ ಅಂತ ಹೇಳಲ್ಲ ಅಜ್ಜಿ. ಬಂದಿರೋದು ರಿಪೇರಿಗೆ. ಮೆಷಿನ್ ಎಲ್ಲಿ?"

ತಿಲೆಕ್ ಓಡಿಹೋಗಿ ಗೇಟಿನ ಎರಡೂ ಬಾಗಿಲನ್ನು ಅಗಲವಾಗಿ ತೆರೆದ. ಮನೆಯ ಬಾಗಿಲಿಗೂ ಕಲ್ಲು ಒತ್ತಿ, ಮುಚ್ಚಿಕೊಳ್ಳದ ಹಾಗೆ ಮಾಡಿದ. ಆಮೇಲೆ ಅಂಗಳದ ಆ ತುದಿಗೆ ಹೋಗಿ ನಿಂತುಕೊಂಡ. 

ಅವಳು ಒಳಗೆ ಹೋದಳು. ಕಂಪ್ಯೂಟರ್ ಮೇಲೆ ಕಸೂತಿ ಬಟ್ಟೆ ಹೊದಿಸಿತ್ತು, ಗಾಳಿ ಆಡುವ ತೂತೆಲ್ಲ ಮುಚ್ಚಿ. ಅದನ್ನು ಎಳೆದು ಮುದುಕಿಯ ಕೈಗೆ ಕೊಟ್ಟಳು. ಪ್ಲಗ್ ಕಿತ್ತಳು, ಮುಚ್ಚಳ ಬಿಚ್ಚಿದಳು. ಒಳಗೆಲ್ಲ ಕಂದು ಜಿಗಟು. ಸ್ಪಿರಿಟ್ಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಪಟ್ಟಿ ಕೂರುವ ಸೀಳಿನ ಜಿಗಟನ್ನು ತಿಕ್ಕಿ ತಿಕ್ಕಿ ತೆಗೆದಳು. ಒಣಗಲು ಬಿಟ್ಟಳು.  ಪಟ್ಟಿಯನ್ನು ಟಕ್ಕೆಂದು ಕೂರುವವರೆಗೂ ಒತ್ತಿ, ಸ್ವಿಚ್ ಹಾಕಿದಳು.

ಬೀಪ್.

ಒಂದೇ ಒಂದು ಸಲ, ಚಿಕ್ಕದಾಗಿ. ಪರದೆ ಬೆಳಗಿತು. ಮುದುಕಿ ಸೆರಗಿನಂತೆ ಆ ಕಸೂತಿ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡಳು.

"ಇನ್ಮೇಲೆ ಇದಕ್ಕೆ ಹೊಗೆ ಹಾಕ್ಬೇಡಿ," ಎಂದಳು ಬುರುಲ್, ಚೀಲ ಕಟ್ಟುತ್ತಾ. "ಇದು ಯಾವ ಪಾಪಾನೂ ಮಾಡಿಲ್ಲ."

ಅವಳು ಹೊರಟಳು. ತಿಲೆಕ್ ತಡೆಯಲಿಲ್ಲ, ಹಿಂದೆ ಬರಲೂ ಇಲ್ಲ. ಟೋಪಿ ತೆಗೆದು ತಲೆ ತಗ್ಗಿಸಿ ನಿಂತಿದ್ದ.

ಒಂದು ದಿನ ಹೋಯಿತು. ಎರಡು... ಮೂರು... ಅವನು ಬರಲಿಲ್ಲ.

'ಬರದಿದ್ದರೆ ಬೇಡ!' ಎಂದುಕೊಂಡಳು. ನಾಲ್ಕು ವರ್ಷ ಅವಳನ್ನು ಕಾಪಾಡಿದ್ದ ಮಾತು. ಈ ಸಲ ಯಾಕೋ ಅದು ಕೆಲಸ ಮಾಡಲಿಲ್ಲ. ಯಾರ ಹೆಜ್ಜೆ ಕೇಳಿದರೂ ತಲೆ ತಾನಾಗಿ ಮೇಲೇಳುತ್ತಿತ್ತು. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಶನಿವಾರ ಬೆಳಿಗ್ಗೆ ಅವಳು ಅಂಗಡಿಗೆ ಬೀಗ ಹಾಕಿದಳು.

"ಎಲ್ಲಿಗೇ?" ಎಂದಳು ಗುಲ್ಸುನ್ ಚಿಕ್ಕಮ್ಮ.

"ಜಾನುವಾರು ಸಂತೆಗೆ. ಕುದುರೆ ಸಾಕೋರು ಇವತ್ತು ಅಲ್ಲೇ ಇರ್ತಾರೆ."

"ಅಲ್ಲಿ ಬರೀ ಗಂಡಸರು ಕಣೇ!"

"ಇರ್ಲಿ. ನಾನೇನು ಅವರನ್ನ ಕೊಂಡ್ಕೊಳ್ಳಲ್ಲ."

ಧೂಳು, ಕುರಿಗಳ ಕೂಗು, ಚೌಕಾಸಿಯ ಗದ್ದಲ. ಬುರುಲ್ ನೂರು ಗಂಡಸರ ನಡುವೆ ನೇರವಾಗಿ ನಡೆದು, ಒಂದು ಕಂದು ಹೆಣ್ಣುಕುದುರೆಯ ಪಕ್ಕ ನಿಂತವನ ಎದುರು ಹೋಗಿ ನಿಂತಳು. ಸುತ್ತಲಿನವರ ಮಾತು ಒಂದೊಂದಾಗಿ ನಿಂತವು. 'ದಾಟಿದವಳು...' ಎಂದು ಯಾರೋ ಪಿಸುಗುಟ್ಟಿದರು.

"ಯಾಕೆ ಬರಲಿಲ್ಲ?"

ತಿಲೆಕ್ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡ. "ಬಂದ್ರೆ ಬೆನ್ನು ಹತ್ತಿದ ಹಾಗಾಗುತ್ತೆ ಅಂತ. ನಮ್ಮನೆಯವರು ನಿನಗೆ ಮಾಡಿದ್ದು ಸಾಲದಾ?"

"ನನ್ನನ್ನ ಕೇಳಿದ್ಯಾ? ಬರಬೇಕಾ ಬೇಡ್ವಾ ಅಂತ ನನ್ನನ್ನ ಒಂದು ಮಾತು ಕೇಳಿದ್ಯಾ? ಅವತ್ತು ಅವರು ಕೇಳದೇ ತಂದ್ರು. ನೀನು ಕೇಳದೇ ಬಿಟ್ಟೆ! ಎರಡೂ ಒಂದೇ!"

ಅವಳ ಕಣ್ಣು ತುಂಬಿದವು. ಒರೆಸಿಕೊಳ್ಳಲಿಲ್ಲ. ನೋಡುವವರು ನೋಡಲಿ!

"ಕೇಳು. ಏನು ಕೇಳ್ಬೇಕು ಅಂತ ಇದ್ಯೋ ಅದನ್ನ ಇಲ್ಲೇ ಕೇಳು. ಜೋರಾಗಿ! ನನ್ನ ಬಗ್ಗೆ ಮಾತಾಡಿದವರೆಲ್ಲ ಇಲ್ಲೇ ಇದಾರೆ, ಅವರಿಗೂ ಕೇಳಿಸ್ಲಿ."

ತಿಲೆಕ್ ಟೋಪಿ ತೆಗೆದ. ಕಿವಿ ಕೆಂಪಾಗಿದ್ದವು. ಆದರೆ ದನಿ ನಡುಗಲಿಲ್ಲ.

"ಬುರುಲ್! ನೀನು ಅಂದ್ರೆ ನನಗೆ ಪ್ರಾಣ. ನನ್ನನ್ನ ಮದುವೆ ಆಗ್ತೀಯಾ?"

ಕುರಿಗಳೂ ಸುಮ್ಮನಾದಂತಿತ್ತು.

"ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ..." ಅವನು ಟೋಪಿಯನ್ನು ಮುದುರಿ ಹಿಡಿದ. "ತುಂಬಾ ಅಳ್ತೀನಿ. ನೀನು ನಿನ್ನ ಅಂಗಡಿಗೆ ಹೋಗು. ದಾರೀಲಿ ಯಾರಾದ್ರೂ ಒಂದು ಮಾತು ಆಡಿದ್ರೆ, ಅವರಿಗೆ ನಾನು ಉತ್ತರ ಹೇಳ್ತೀನಿ. ನಿನ್ನ ಹತ್ರ ಮತ್ತೆ ಕೇಳಲ್ಲ."

"ಬೇಜಾರಿಲ್ವಾ?"

"ಇರುತ್ತೆ. ಅದು ನನ್ನ ಪಾಡು. ಇಲ್ಲ ಅನ್ನೋದು ನಿನ್ನ ಹಕ್ಕು."

ಬುರುಲ್ ಅವನನ್ನು ನೋಡಿದಳು. ಜೀವನದಲ್ಲಿ ಮೊದಲ ಸಲ, 'ಇಲ್ಲ' ಎನ್ನಲು ಅವಳು ಯಾರೊಂದಿಗೂ ಹೊಡೆದಾಡಬೇಕಾಗಿರಲಿಲ್ಲ. ಆ ಮಾತು ನಾಲಿಗೆಯ ಮೇಲೆ ಆರಾಮಾಗಿ ಕೂತಿತ್ತು. ಅದನ್ನು ಹಾಗೇ ಬಿಟ್ಟು, ಅವಳು ಅವನ ಕೈಯಲ್ಲಿದ್ದ ಹಗ್ಗದ ಮೇಲೆ ತನ್ನ ಕೈಯಿಟ್ಟಳು.

"ಇಲ್ಲ ಅನ್ನೋಕೆ ಬಿಟ್ಟೆಯಲ್ಲ..." ಅವಳ ದನಿ ಮೆತ್ತಗಾಯಿತು. "ಅದಕ್ಕೇ, ಹೂಂ."

"ಏನಂದೆ? ಕೇಳಿಸಲಿಲ್ಲ."

"ಕೇಳಿಸ್ತು ನಿನಗೆ!"

"ನನಗೆ ಕೇಳಿಸ್ತು," ಎಂದ ತಿಲೆಕ್, ಅಳುತ್ತ ನಗುತ್ತ. "ಇವರಿಗೆ ಕೇಳಿಸಲಿಲ್ಲ."

ಬುರುಲ್ ಸಂತೆಯ ಕಡೆ ತಿರುಗಿ, ಎದೆ ತುಂಬ ಉಸಿರೆಳೆದುಕೊಂಡು ಕೂಗಿದಳು.

"ಹೂಂ ಅಂದೆ!"