ಸಾನ್ಸೆರ್ ಗುಡ್ಡದ ಕೆಂಪು ದ್ರಾಕ್ಷಿ

ಹದಿನಾರನೆಯ ಗ್ಲಾಸನ್ನೂ ಅವನು ಬಕೆಟ್ಟಿಗೆ ಸುರಿದ.

ಹೇಮಶ್ರೀಯ ಕಿವಿ ಬಿಸಿಯಾಯಿತು. ನಾಲ್ಕು ಭಾನುವಾರ, ದಿನಕ್ಕೆ ನಾಲ್ಕು ಗ್ಲಾಸು... ಒಂದನ್ನೂ ಅವನು ತುಟಿಗೆ ತಾಗಿಸಿರಲಿಲ್ಲ!

ಕೆನಡಾದ ಪೋರ್ಟ್ ಕ್ರೆಡಿಟ್‌ನ ಆ ರೆಸ್ಟೋರೆಂಟಿನಲ್ಲಿ ಬೆಳಗಿನ ಹೊತ್ತು ವೈನಿನ ರುಚಿ ನೋಡುವುದನ್ನು ಕಲಿಸುವುದು ಅವಳ ಕೆಲಸ. ಬಕೆಟ್ಟು ಇಡುವುದು ರುಚಿ ನೋಡಿ ಉಗುಳಲಿಕ್ಕೆ. ಬರಿದೇ ಮೂಸಿ ಸುರಿಯಲಿಕ್ಕಲ್ಲ.

ಅವನ ಹೆಸರು ನಿಜಗುಣ. ಹಾಜರಿ ಪಟ್ಟಿಯಲ್ಲಿ ತಮ್ಮ ಕಡೆಯ ಆ ಹೆಸರು ಕಂಡಂದಿನಿಂದಲೇ ಅವಳಿಗೆ ಅನುಮಾನ. ಫ್ರಾನ್ಸಿನ ಇತಿಹಾಸ ಕಲಿಸುತ್ತೇನೆಂದು ಧಾರವಾಡದ ಅವ್ವನನ್ನು ಅವಳು ನಂಬಿಸಿದ್ದಳು. ಇಲ್ಲೇ ಒಶಾವಾದಲ್ಲಿದ್ದ ಶೇಖಪ್ಪ ಕಾಕಾ ಮಾತ್ರ ನಂಬಿರಲಿಲ್ಲ. ಇವನು ಕಾಕಾನ ಗೂಢಚಾರನೇ ಸರಿ... ಸುದ್ದಿ ಮುಟ್ಟಿದರೆ ಮತ್ತೆ ಅವ್ವನ ಹೊಸಿಲು ತುಳಿಯುವುದು ಹೇಗೆ?

ಸಿಟ್ಟು ನುಂಗಿ ಪಾಠ ಮುಂದುವರಿಸಿದಳು. ಫ್ರಾನ್ಸಿನಲ್ಲಿ ಗುಡ್ಡದ ನೆತ್ತಿಯ ಮೇಲಿನ ಸಾನ್ಸೆರ್ ಎಂಬ ಹಳೆಯ ಊರು. ೧೫೭೩ರಲ್ಲಿ ರಾಜನ ಸೈನ್ಯ ತಿಂಗಳುಗಟ್ಟಲೆ ಮುತ್ತಿದಾಗ ಅಲ್ಲಿನ ಜನ ತೊಗಲು ಬೇಯಿಸಿ ತಿಂದದ್ದು. ಅಂದಿನಿಂದ ಇಂದಿನವರೆಗೂ ಅಲ್ಲಿ ಬಿಳಿ ವೈನೇ ಪ್ರಧಾನವೆಂದಳು.

ನಿಜಗುಣ ಕೈಯೆತ್ತಿದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೇರು ತಿನ್ನುವ ಕೀಟ ತೋಟಗಳನ್ನು ಹಾಳುಮಾಡುವ ಮುನ್ನ ಅಲ್ಲಿ ಕೆಂಪು ದ್ರಾಕ್ಷಿಯೇ ಹೆಚ್ಚಿತ್ತೆಂದು ತಿದ್ದಿದ. ಇಪ್ಪತ್ತು ಜನ ಅವಳ ಮುಖ ನೋಡಿದರು.

ತರಗತಿ ಮುಗಿದೊಡನೆ ಅವಳು ಅವನೆದುರು ನಿಂತಳು.

“ಶೇಖಪ್ಪ ಕಾಕಾ ಕಳಿಸ್ಯಾರೇನು ನಿಮ್ಮನ್ನ?”

“ಯಾವ ಶೇಖಪ್ಪರೀ?”

“ನಾಟಕ ಬ್ಯಾಡ. ಕುಡಿಯಂಗಿಲ್ಲ, ಕ್ಲಾಸ್ ಬಿಡಂಗಿಲ್ಲ. ಊರಿಗೆ ರಿಪೋರ್ಟ್ ಮಾಡಾಕ ಬರ್ತೀರಿ.”

ಅವನ ಮುಖವೂ ಬಿಗಿಯಿತು. ತನ್ನದು ವಿಜಯಪುರ ಕಡೆಯ ಒಣದ್ರಾಕ್ಷಿ ಮಾಡುವ ಮನೆತನ; ತಾನು ಲಿಂಗದೀಕ್ಷೆ ಪಡೆದವನು, ಮದ್ಯ ಮುಟ್ಟುವುದಿಲ್ಲ; ಬೈಸಿಕೊಳ್ಳಲಿಕ್ಕೆ ಅಷ್ಟು ದೂರದ ನ್ಯೂಮಾರ್ಕೆಟ್ ಊರಿನಿಂದ ಕಾರು ಓಡಿಸಿಕೊಂಡು ಬರುವ ದರ್ದು ತನಗಿಲ್ಲವೆಂದ.

“ಮತ್ತ ಯಾಕ ಬರ್ತೀರಿ?”

“ಮೊದಲ್ನೇ ವಾರ ದ್ರಾಕ್ಷಿ ಸಲುವಾಗಿ ಬಂದೆ. ಆಮ್ಯಾಲಿನ ಮೂರು ವಾರ... ನಿಮ್ಮ ಸಲುವಾಗಿ.”

ಅವಳ ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಿಸಿತು. ಇಪ್ಪತ್ತು ಜನರೆದುರು ಅವನು ತನ್ನ ವ್ರತವನ್ನು ಮುಚ್ಚಿಡಲಿಲ್ಲ. ನಾನೋ, ನನ್ನ ದುಡಿಮೆಯನ್ನು ಹೆತ್ತವಳಿಂದಲೇ ನಾಲ್ಕು ವರ್ಷ ಮುಚ್ಚಿಟ್ಟೆ... ಯಾರಿಗೆ ಬೈಯಲಿ?

ಧಾರವಾಡದಲ್ಲಿ ಅದು ರಾತ್ರಿಯೂಟದ ಹೊತ್ತು. ಅಲ್ಲೇ ಫೋನು ಮಾಡಿದಳು.

“ಅವ್ವಾ, ನಾ ಇತಿಹಾಸ ಅಷ್ಟೇ ಅಲ್ಲ, ವೈನ್ ಕಲಿಸ್ತೀನಿ.”

ಅವ್ವ ಮೂರು ನಿಮಿಷ ಬಿಡದೆ ಬೈದಳು. ಉಳಿದದ್ದನ್ನು ಯುಗಾದಿಗೆ ಮನೆಗೆ ಬಂದಾಗ ಬೈಯುವೆನೆಂದು ಫೋನಿಟ್ಟಳು.

ಮನೆಗೆ ಬಂದಾಗ... ಹೇಮಶ್ರೀಯ ಕಣ್ಣು ತುಂಬಿತು. ನಿಜಗುಣ ಇನ್ನೂ ಅಲ್ಲೇ ಇದ್ದ; ಫೋನಿನ ಬೈಗುಳವೆಲ್ಲ ಅವನಿಗೂ ಕೇಳಿಸಿತ್ತು.

“ನಿಮ್ಮ ಸಿಟ್ಟು ಯಾರಿಂದ ಬಂದೈತಿ ಅಂತ ಈಗ ತಿಳೀತ್ರಿ.”

“ನಗಬ್ಯಾಡ್ರಿ. ನಿಮ್ಮ ಮ್ಯಾಲ ಇನ್ನೂ ಐತಿ.”

“ಎಲ್ಲೀತನಕ ಇರತೈತಿ?”

“ನೀವು ನನ್ನ ಜೋಡಿ ಇರೋತನಕ.”

“ಹಂಗಾದ್ರ ಬೈಸ್ಕೋತ ಇರ್ತೀನಿ ಬಿಡ್ರಿ.”