ಅಪ್ಪ ಇಳಿಸಿದ ಕಿಟಕಿ

"ಆ ಕಿಟಕಿ ಏರ್ಸು ವ್ಲಾತ್ಕೊ! ಮೊದ್ಲೇ ಮೂಗು ಕಟ್ಟಿ ಸಾಯ್ತಿದೀನಿ," ಎಂದು ಅಮ್ಮ ರೇಗಿದಳು. ಅವಳಿಗೆ ಮೂರು ದಿನದಿಂದ ನೆಗಡಿ.

"ಸ್ವಲ್ಪ ಗಾಳಿ ಬರ್ಲಿ ಬಿಡು," ಎಂದ ಅಪ್ಪ.

ಹೊರಗೆ ಹಿಮ ಬೀಳುತ್ತಿತ್ತು. ಕೇಕಿನ ಡಬ್ಬ ಹಿಡಿದು ಹಿಂದೆ ಕೂತಿದ್ದ ತೇನಾ ಮೂಗು ಅರಳಿಸಿದಳು. ಕಾರಿನಲ್ಲಿ ವಾಸನೆ! ಅದೇ ಹಳೇ ವಾಸನೆ. ಮೊದಲೆಲ್ಲ ಕುಡಿದ ದಿನ ಅಪ್ಪ ಹೀಗೇ ಕಿಟಕಿ ಇಳಿಸುತ್ತಿದ್ದ.

ಅದೂ ಇವತ್ತೇ ಕುಡಿಯಬೇಕಾ? ಅಪ್ಪ ಕುಡಿತ ಬಿಟ್ಟು ಇವತ್ತಿಗೆ ಸರಿಯಾಗಿ ಒಂದು ವರ್ಷ. ಅಜ್ಜಿ ಬೆಳಗ್ಗೆಯಿಂದ ಯಾರನ್ನೂ ಅಡುಗೆಮನೆಗೆ ಬಿಡದೆ ಕ್ಲಬ್ಬಿಗೆ ಒಯ್ಯಲೆಂದು ಅಕ್ರೋಟಿನ ಕೇಕು ಮಾಡಿಕೊಟ್ಟಿದ್ದಾಳೆ.

ಕ್ಲಬ್ ಅಂದರೆ ಆಟದ ಕ್ಲಬ್ಬಲ್ಲ. ಬ್ಯೆಲೊವಾರ್ ಊರಿನ ಲೈಬ್ರರಿ ಹಿಂದಿನ ಒಂದು ಕೋಣೆ. ಕುಡಿತ ಬಿಟ್ಟವರು ಪ್ರತಿ ಶನಿವಾರ ಮಧ್ಯಾಹ್ನ ಹೆಂಡತಿ ಮಕ್ಕಳ ಸಮೇತ ಬಂದು ಸುತ್ತಲೂ ಕೂರುತ್ತಾರೆ. ವಾರ ಹೇಗಿತ್ತು ಅಂತ ಎಲ್ಲರೂ ಹೇಳಬೇಕು. ಮಕ್ಕಳೂ ಹೇಳಬೇಕು. ಸುಳ್ಳು ಮಾತ್ರ ಹೇಳುವಂತಿಲ್ಲ.

"ವಾರ ಹೇಗಿತ್ತಪ್ಪಾ?" ಎಲ್ಲರೂ ಬಂದು ಕೂತ ಮೇಲೆ ಕ್ಲಬ್ ನಡೆಸುವ ಜೋರ್ಕಾ ಆಂಟಿ ಅಪ್ಪನನ್ನು ಕೇಳಿದರು.

"ಒಂದ್ ತೊಟ್ಟೂ ಮುಟ್ಟಿಲ್ಲ." ಅಪ್ಪನ ದನಿ ನಡುಗುತ್ತಿತ್ತು.

ಅಮ್ಮನೂ ಹೌದೆಂದು ತಲೆ ಆಡಿಸಿದಳು.

"ನೀನೇನಂತೀಯಾ ತೇನಾ?"

ತೇನಾ ಅಪ್ಪನ ಕಡೆ ನೋಡಿದಳು. ಹೇಳಿದರೆ ಅಪ್ಪನ ಇಡೀ ವರ್ಷ ನೀರುಪಾಲು, ಮತ್ತೆ ಒಂದನೇ ದಿನದಿಂದ ಶುರು. ಹೇಳದಿದ್ದರೆ? ಒಡೆದ ತಟ್ಟೆಗಳು, ಅಮ್ಮನ ಅಳು ಎಲ್ಲ ನೆನಪಾದವು.

"ಕಾರಲ್ಲಿ... ವಾಸ್ನೆ ಬಂತು," ಎಂದವಳೇ ಅತ್ತುಬಿಟ್ಟಳು.

ಅಮ್ಮ ಅಪ್ಪನ ಕಡೆ ತಿರುಗಿದಳು. "ವ್ಲಾತ್ಕೊ?"

ಅಪ್ಪ ಸಿಟ್ಟಾಗಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು.

"ನಂಗೂ ಬಂತು. ದಾರಿಯುದ್ದಕ್ಕೂ. ನನ್ ತಲೇಲೇ ಮತ್ತೆ ಶುರುವಾಯ್ತೇನೋ ಅಂತ ಭಯ ಆಯ್ತು. ಹೇಳೋಕೆ ಬಾಯೇ ಬರ್ಲಿಲ್ಲ."

ಜೋರ್ಕಾ ಆಂಟಿ ಸರಸರನೆ ಎದ್ದು ಮೇಜಿನ ಮೇಲಿದ್ದ ಡಬ್ಬದ ಮುಚ್ಚಳ ತೆಗೆದು ಮೂಸಿದರು.

"ಅಯ್ಯೋ ದೇವ್ರೇ, ರಮ್ಮು! ಕೇಕಿಗೆ ಸ್ನಾನನೇ ಮಾಡ್ಸಿದಾರೆ!"

"ನಿಮ್ಮಮ್ಮಂದೇ ಕೆಲ್ಸ ಇದು!" ಅಮ್ಮ ಹಣೆ ಚಚ್ಚಿಕೊಂಡಳು. "ಮನೇಲಿ ಬಾಟ್ಲಿ ಬೇಡ ಅಂತ ಎಷ್ಟು ಬಡ್ಕೊಂಡೆ!"

"ಅಮ್ಮಂಗೆ ಅದು ಕುಡಿಯೋದಲ್ಲ, ಕೇಕಿಗೆ ಹಾಕೋದು," ಎಂದ ಅಪ್ಪ. ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು.

ಕೇಕು ಕಸದ ಬುಟ್ಟಿಗೆ ಹೋಯಿತು. ಮೇಣದಬತ್ತಿಯನ್ನು ಒಂದು ಸೇಬಿಗೆ ಚುಚ್ಚಿ ಹಚ್ಚಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತೇನಾ ಮಾತ್ರ ತಲೆ ಎತ್ತಲಿಲ್ಲ. ಅಪ್ಪನ ಮೇಲೆ ಅನುಮಾನ ಪಟ್ಟೆನಲ್ಲ ಎಂದು ಅವಳಿಗೆ ನಾಚಿಕೆ.

ಅಪ್ಪ ಪಕ್ಕದಲ್ಲಿ ಬಂದು ಕೂತು ಸೇಬಿನ ದೊಡ್ಡ ಹೋಳು ಕೊಟ್ಟ. "ನೀ ಹೇಳಿದ್ದಕ್ಕೇ ನಂಗೂ ಬಾಯಿ ಬಂತು ಪುಟ್ಟಿ."

ಮನೆಗೆ ಹೊರಟಾಗ ಅಜ್ಜಿಯ ಖಾಲಿ ಡಬ್ಬ ಮತ್ತೆ ತೇನಾಳ ತೊಡೆಯ ಮೇಲಿತ್ತು. ಅದನ್ನು ತೊಳೆದಿದ್ದರೂ ಕಾರಿನಲ್ಲಿ ವಾಸನೆ ಇನ್ನೂ ಹೋಗಿರಲಿಲ್ಲ. ಅಮ್ಮ ಸೀನುತ್ತಿದ್ದಳು. ಅವಳಿಗೆ ಚಳಿಯಾಗುತ್ತದೆಂದು ಅಪ್ಪ ಈ ಸಲ ಕಿಟಕಿ ಇಳಿಸಿರಲಿಲ್ಲ. ಆದರೆ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದಿದ್ದ.

ತೇನಾ ಅವನ ಕೈಗಳನ್ನೇ ನೋಡಿದಳು. ಮಫ್ಲರನ್ನು ಕಿವಿಯವರೆಗೆ ಸುತ್ತಿಕೊಂಡಳು. ಆಮೇಲೆ ತನ್ನ ಪಕ್ಕದ ಕಿಟಕಿಯನ್ನು ಪೂರ್ತಿ ಇಳಿಸಿದಳು.

"ಏಯ್, ಚಳಿ ಕಣೇ!" ಎಂದಳು ಅಮ್ಮ.

"ಸ್ವಲ್ಪ ಗಾಳಿ ಬರ್ಲಿ ಬಿಡಮ್ಮ," ಎಂದಳು ತೇನಾ.