ಪುಠಾಣಿ ಹಿಟ್ಟಿನ ಡಬ್ಬಿ

ನಿತೀಶ್ ಬಿದ್ದದ್ದು ಕನ್ನಡಿಯ ಮುಂದೆ. ಹಲಸೂರು ಕೆರೆಯ ಹತ್ತಿರದ ಓಣಿ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿನ ಜಿಮ್. ವ್ಯಾಯಾಮ ಮುಗಿಸಿದ. ಶೇಕರ್‌ನಲ್ಲಿದ್ದ ಹಾಲನ್ನು ಗಟಗಟ ಕುಡಿದ. ಕುತ್ತಿಗೆ ಕೆರೆದುಕೊಂಡ. ಗಂಟಲು ಹಿಡಿದುಕೊಂಡ. ಭಾನುವಾರದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಗೆಲ್ಲುತ್ತಾನೆ ಎಂದು ಎಲ್ಲರೂ ನಂಬಿದ್ದ ಆಳು, ದಾರ ಬಿಚ್ಚಿದ ಮೂಟೆಯ ಹಾಗೆ ಕುಸಿದ.

ಸಬ್ ಇನ್‌ಸ್ಪೆಕ್ಟರ್ ವಿಮಲಾಕ್ಷಿ ಬರುವ ಹೊತ್ತಿಗೆ ಅವನನ್ನು ಇಂದಿರಾನಗರದ ಆಸ್ಪತ್ರೆಗೆ ಸಾಗಿಸಿದ್ದರು. ಉಸಿರು ನಿಂತು ಮತ್ತೆ ಬಂದಿತ್ತಂತೆ. ನೆಲದ ಮೇಲೆ ಹಾಲು ಇನ್ನೂ ಒಣಗಿರಲಿಲ್ಲ.

"ಏನ್ರೀ ಕುಡಿದಿದ್ದು?"

"ಪ್ರೋಟೀನ್ ಮೇಡಂ," ಅಂದ ಟ್ರೇನರ್ ಜಗನ್. ಅವನ ತೋಳು ವಿಮಲಾಕ್ಷಿಯ ತಲೆಯಷ್ಟು ದಪ್ಪವಿತ್ತು. "ವರ್ಕೌಟ್ ಮುಗಿದ ಅರ್ಧ ಗಂಟೆ ಒಳಗೆ ಹೋಗ್ಲೇಬೇಕು. ಲೇಟಾದ್ರೆ ಮಸಲ್‌ಗೆ ಹತ್ತಲ್ಲ."

"ಊಟ ಸ್ವಲ್ಪ ತಡವಾದ್ರೆ ಮೈಗೆ ಹತ್ತಲ್ವಾ? ಯಾರ್ರೀ ನಿಮ್ಮ ತಲೆಗೆ ತುಂಬಿದ್ದು?"

"ಇಲ್ಲಿ ಎಲ್ರೂ ಹಂಗೇ ಮೇಡಂ."

ಎಲ್ಲರೂ ಹಾಗೇ. ಅಂದರೆ ನಿತೀಶ್ ಏನನ್ನು, ಯಾವಾಗ ಕುಡಿಯುತ್ತಾನೆ ಎಂಬುದು ಇಲ್ಲಿ ಪ್ರತಿಯೊಬ್ಬನಿಗೂ ಗೊತ್ತು.

ಕೌಂಟರ್ ಮೇಲೆ ಒಂದು ಸ್ಟೀಲ್ ಡಬ್ಬಿ ಇತ್ತು. ಅರ್ಧದಷ್ಟು ಹಿಟ್ಟು.

"ಇದು ಅವನ ಮನೆಯದು," ಜಗನ್ ಮೂಗು ಮುರಿದ. "ಹೆಂಡ್ತಿ ಮಾಡಿ ಕಳಿಸ್ತಾರೆ. ನಮ್ಮ ಪೌಡರ್ ಬೇಡ್ವಂತೆ."

ಅಷ್ಟರಲ್ಲಿ ಬಚ್ಚಲಿನಿಂದ ಹೆಡ್ ಕಾನ್‌ಸ್ಟೆಬಲ್ ಚನ್ನಪ್ಪ ಕೂಗಿದ. "ಮೇಡಂ, ಕಸದ ಬುಟ್ಟೀಲಿ ಸಿರಿಂಜ್ ಬಿದ್ದಾವೆ!"

"ಹುಡುಗ್ರು ಎಲ್ಲಿಂದ್ಲೋ ತಂದು ಚುಚ್ಕೋತಾರೆ," ಅಂದ ಜಗನ್. "ನಾನೇನ್ ಕಾವಲು ಕೂರಕ್ಕಾಗುತ್ತಾ?"

ವಿಮಲಾಕ್ಷಿಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ, ಬಚ್ಚಲಿನಿಂದ ಹೊರಬಂದ ಚನ್ನಪ್ಪನ ಕೈಯಲ್ಲಿದ್ದ ಸಾಕ್ಷ್ಯದ ಪ್ಲಾಸ್ಟಿಕ್ ಚೀಲ ಹೊಡೆದುಕೊಳ್ಳತೊಡಗಿತು. ಒಳಗಿದ್ದದ್ದು ನಿತೀಶನ ಫೋನ್. ಪರದೆಯ ಮೇಲೆ ಒಂದೇ ಪದ: ಮೊಟ್ಟೆ. ಊಟದ ಹೊತ್ತು ತಪ್ಪಬಾರದೆಂದು ಇಟ್ಟುಕೊಂಡಿದ್ದ ಅಲಾರಂ. ಚನ್ನಪ್ಪ ಗಾಬರಿಯಲ್ಲಿ ಒತ್ತಿದ. ನಿಂತಿತು. ಮೆಟ್ಟಿಲಿಳಿಯುವಾಗ ಮತ್ತೆ ಬಡಿದುಕೊಂಡಿತು.

* * *

"ಚುಚ್ಚುಮದ್ದಿನಿಂದ ಆಗಿದ್ದಲ್ಲ," ಅಂದರು ವೈದ್ಯೆ. "ಮೈಯೆಲ್ಲ ದದ್ದು. ಗಂಟಲು ಊದಿ ಉಸಿರಿನ ದಾರಿ ಕಟ್ಟಿದೆ. ಅಲರ್ಜಿ. ಅವ್ರಿಗೆ ಚಿಕ್ಕಂದಿನಿಂದ ಕಡ್ಲೆಬೀಜ ಆಗಲ್ವಂತೆ, ತಾಯಿ ಹೇಳಿದ್ರು."

"ಉಳೀತಾನಾ?"

"ಮಿದುಳಿಗೆ ಎಷ್ಟು ಪೆಟ್ಟಾಗಿದೆಯೋ ಗೊತ್ತಿಲ್ಲ. ನಾಳೆ ನಿದ್ದೆ ಔಷಧಿ ಇಳಿಸಿ ಎಬ್ಬಿಸಿ ನೋಡ್ತೀವಿ. ಎದ್ರೆ ಎದ್ರು."

ವಿಮಲಾಕ್ಷಿ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಹುರಿದ ಕಡಲೆಬೀಜದ ವಾಸನೆ ಮೂಗಿಗೆ ಹೊಡೆಯಿತು. ಇದಕ್ಕೆ ಪ್ರಯೋಗಾಲಯದ ವರದಿಯೇ ಬೇಕಿರಲಿಲ್ಲ. ಆದರೂ ಸ್ವಲ್ಪ ಹಿಟ್ಟನ್ನು ಕಳಿಸಿದಳು.

ಐಸಿಯು ಬಾಗಿಲಲ್ಲಿ ಜಗಳ ಹತ್ತಿತ್ತು. ನಿತೀಶನ ತಾಯಿ ಮುನಿಗಂಗಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. ಸೊಸೆ ಗೌತಮಿ ಗೋಡೆಗೆ ಆತು ನಿಂತಿದ್ದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ.

"ಇವಳನ್ನ ಒಳಗೆ ಬಿಟ್ರೆ ನಾನಿಲ್ಲೇ ತಲೆ ಚಚ್ಕೋತೀನಿ! ಕೆ.ಆರ್. ಪುರದಲ್ಲಿ ನಮಗೆ ಹೆಣ್ಣು ಸಿಕ್ತಿರ್ಲಿಲ್ವಾ? ಗದಗದಿಂದ ಕಟ್ಕೊಂಡು ಬಂದ. ಹಿಟ್ಟಲ್ಲಿ ವಿಷ ಇಕ್ಕಿಬಿಟ್ಲು!"

"ಅತ್ತಿ, ಒಮ್ಮೆ ಮುಖಾ ನೋಡಿ ಬರ್ತೀನ್ರಿ. ಒಮ್ಮೆ."

"ಮುಚ್ಚೇ ಬಾಯಿ! ನನ್ನ ಮಗ ಕಣ್ಣು ಬಿಡೋವರ್ಗೂ ಈ ಬಾಗಿಲು ನಿನಗಿಲ್ಲ."

ಗೌತಮಿಯ ಕಣ್ಣು ಬಾಗಿಲ ಗಾಜನ್ನು ಬಿಟ್ಟು ಅಲುಗಲಿಲ್ಲ.

* * *

ಮಧ್ಯಾಹ್ನ ಜಗನ್ ತಾನಾಗಿ ಠಾಣೆಗೆ ಬಂದ. ಕುರ್ಚಿ ಸಾಲದೆ ಅರ್ಧ ಕೂತ.

"ಹೇಳ್ಬಾರ್ದು ಅಂದ್ಕೊಂಡಿದ್ದೆ ಮೇಡಂ. ಮನಸ್ಸು ತಡೀಲಿಲ್ಲ. ಗೌತಮಿಯವರು ನಿನ್ನೆ ಸಂಜೆ ಜಿಮ್‌ಗೆ ಬಂದಿದ್ರು. 'ಈ ಸಲ ಪುಡಿಗೆ ಕಡ್ಲೆ ಜಾಸ್ತಿ ಹಾಕಿದೀನಿ' ಅಂದ್ರು. ನಾನು ಹುರಿಗಡಲೆ ಅಂದ್ಕೊಂಡು ಸುಮ್ನಾದೆ. ಈಗ ನೋಡಿದ್ರೆ ಕಡ್ಲೆಬೀಜಕ್ಕೇ ಕಡ್ಲೆ ಅಂದಿದ್ದಾರೆ. ಪಾಪ, ಆ ಕಡೆಯೋರು. ಮಾತಲ್ಲಿ ಎಡವಟ್ಟಾಗಿದೆ. ಬೇಕಂತ ಮಾಡಿರಲ್ಲ ಬಿಡಿ."

ಅವನು ಹೋದ ಮೇಲೆ ಚನ್ನಪ್ಪ ನಿಟ್ಟುಸಿರು ಬಿಟ್ಟ. "ಸರಿಹೋಯ್ತಲ್ಲ ಮೇಡಂ. ಗೊತ್ತಿಲ್ದೆ ಆಗಿದೆ. ನಿರ್ಲಕ್ಷ್ಯ ಅಂತ ಕೇಸ್ ಹಾಕಿದ್ರಾಯ್ತು."

"ಹುಡುಗ ಸತ್ರೆ?"

ಅಷ್ಟರಲ್ಲಿ ಮೇಲಧಿಕಾರಿಯ ಫೋನ್ ಬಂತು. ನಿತೀಶನ ತಂದೆ ದೂರು ಕೊಟ್ಟಾಗಿದೆ. ಕೆ.ಆರ್. ಪುರದ ಹಳೆಯ ಮನೆತನ, ಹಿಂದೆ ಜನ ಇದ್ದಾರೆ. ನಾಳೆಯೊಳಗೆ ಸೊಸೆಯ ದಸ್ತಗಿರಿ ಆಗಬೇಕು. ವಿಮಲಾಕ್ಷಿ "ಆಯ್ತು ಸಾರ್" ಅಂದಳು. ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಚೀಲದೊಳಗಿನ ನಿತೀಶನ ಫೋನ್ ಆಗಲೇ ಬಡಿದುಕೊಳ್ಳತೊಡಗಿತು: ಕೋಳಿ, ಅನ್ನ.

"ಅದನ್ನ ಸ್ವಿಚ್ ಆಫ್ ಮಾಡ್ರೀ, ಎದೆ ಒಡ್ಕೊಳುತ್ತೆ!"

* * *

ವಿಮಲಾಕ್ಷಿ ಹಾವೇರಿ ಕಡೆಯವಳು. ಬೆಂಗಳೂರಿಗೆ ಬಂದು ಭಾಷೆ ಬದಲಾಗಿತ್ತು. ಗೌತಮಿಯ ಎದುರು ಕೂತಾಗ ಹಳೆಯದು ತಾನಾಗಿ ನಾಲಿಗೆಗೆ ಬಂತು.

"ಹಿಟ್ಟಿಗೆ ಏನೇನ್ ಹಾಕಿದ್ದಿ ತಂಗೀ?"

"ಪುಠಾಣಿ, ಹೆಸರುಬ್ಯಾಳಿ, ಯಾಲಕ್ಕಿ. ಇಷ್ಟರೀ ಅಕ್ಕಾರ."

"ಶೇಂಗಾ?"

ಗೌತಮಿ ಬೆಚ್ಚಿಬಿದ್ದಳು. "ಶೇಂಗಾ ನಮ್ಮನಿಯಾಗ ತರಂಗೇ ಇಲ್ಲ. ಮದುವಿ ಆದ ದಿನಾನ ಅತ್ತಿಯವ್ರು ಹೇಳಿದ್ರು. ಚಟ್ನಿ ತಿನ್ನಬೇಕಂದ್ರ ನಾ ತವರಿಗೆ ಹೋಗ್ಬೇಕು."

"ಮತ್ತ ಕಡ್ಲಿ?"

"ಕಡ್ಲಿ ಯಾಕ್ರೀ? ಅದು ನೆನಸಿ ಉಸುಳಿ ಮಾಡೂದು. ಹಿಟ್ಟಿಗೆ ಯಾರ್ ಹಾಕ್ತಾರ?"

ವಿಮಲಾಕ್ಷಿಯ ಪೆನ್ನು ನಿಂತಿತು.

"ನಿನ್ನೆ ಜಿಮ್ಮಿಗೆ ಹೋಗಿದ್ದೇನು?"

"ಹೋಗಿದ್ದೆ. ಇವರು ಹೊತ್ತಿಗೆ ಸರಿಯಾಗಿ ಉಣ್ತಾರಿಲ್ಲೋ ಅಂತ ಆ ಟ್ರೇನರಣ್ಣಗ ಕೇಳಿದೆ. ಹಿಟ್ಟಿನ ಮಾತ ಆಡ್ಲಿಲ್ಲ. ಇವತ್ತು ಮುಂಜಾನೆ ಮನ್ಯಾಗೂ ಅದ ಹಿಟ್ಟ ಹಾಲಿನಾಗ ಕಲಸಿ ಕುಡದ ಹೋಗ್ಯಾರ. ಆಗ ಏನೂ ಆಗ್ಲಿಲ್ಲ. ನನ್ನ ಮಾತು ಯಾರ್ ಕೇಳ್ತಾರ್ರೀ?"

ವಿಮಲಾಕ್ಷಿ ಮುನಿಗಂಗಮ್ಮನಿಗೆ ಫೋನ್ ಹಚ್ಚಿದಳು.

"ಕುಡ್ದ," ಅಂದರು ಮುನಿಗಂಗಮ್ಮ ಬಿಗಿದ ಧ್ವನಿಯಲ್ಲಿ. "ಲೋಟ ತೊಳೆದೋಳು ನಾನೇ. ತಳದಲ್ಲಿ ಹಿಟ್ಟು ಹತ್ತಿತ್ತು. ಯಾಕೆ?"

ಮನೆಯ ಹಿಟ್ಟು ಶುದ್ಧ. ಕೆಟ್ಟದ್ದು ಡಬ್ಬಿ ಮಾತ್ರ. ಆದರೆ ಅಷ್ಟರಿಂದ ಗೌತಮಿ ಪಾರಾಗುವುದಿಲ್ಲ. ಬೇಕೆಂದೇ ಡಬ್ಬಿಗಷ್ಟೇ ಬೆರೆಸಿದಳು ಎಂದು ನಾಳೆ ವಕೀಲ ಹೇಳುತ್ತಾನೆ. ಆಗ ನಿರ್ಲಕ್ಷ್ಯ ಹೋಗಿ ಕೊಲೆಯತ್ನ ಆಗುತ್ತದೆ.

ವಿಮಲಾಕ್ಷಿ ಡಬ್ಬಿಯನ್ನು ಮತ್ತೆ ತೆರೆದಳು. ಚಿಟಿಕೆ ಹಿಟ್ಟು ತೆಗೆದು ಕಾಗದದ ಮೇಲೆ ಉಜ್ಜಿದಳು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು.

* * *

ಯಾಸಿರ್ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಹಲಸೂರು ಮೆಟ್ರೋ ಕೆಳಗಿನ ಟೀ ಅಂಗಡಿಯಲ್ಲಿ. ಭಾನುವಾರದ ಸ್ಪರ್ಧೆಯಲ್ಲಿ ನಿತೀಶನ ಎದುರಾಳಿ ಅವನೇ. ಬಿದ್ದವನ ಎದೆ ಒತ್ತಿ ಉಸಿರು ತರಿಸಿದವನೂ ಅವನೇ.

"ನಿತೀಶ್ ಇಲ್ದಿದ್ರೆ ಕಪ್ ನಿಂದೇ ಅಲ್ವಾ?" ವಿಮಲಾಕ್ಷಿ ನೇರವಾಗಿ ಕೇಳಿದಳು.

ಯಾಸಿರ್ ಗ್ಲಾಸು ಕೆಳಗಿಟ್ಟ. "ಅಲ್ಲಾಹನಾಣೆ ಮೇಡಂ, ಅವನು ನನ್ ದೋಸ್ತ್. ಅವನು ಬರೀ ಊಟದಲ್ಲೇ ಬಾಡಿ ಮಾಡಿದ್ದಾನೆ. ಮೊಟ್ಟೆ, ಕೋಳಿ, ಭಾಭಿಯ ಹಿಟ್ಟು. ಗೆದ್ದು ಸ್ಟೇಜ್ ಮೇಲೆ ಅದನ್ನೇ ಹೇಳ್ತೀನಿ ಅಂತಿದ್ದ."

"ಏನಂತ?"

"ಇಂಜೆಕ್ಷನ್ ಇಲ್ದೇನೂ ಆಗುತ್ತೆ ಅಂತ. ಮತ್ತೆ... ಯಾರು ಚುಚ್ತಾರೆ ಅಂತ."

"ಯಾರು ಚುಚ್ತಾರೆ?"

ಅವನು ಅಂಗಿಯ ತೋಳನ್ನು ಕೆಳಗೆಳೆದುಕೊಂಡ. "ಜಗನ್ ಅಣ್ಣ. ನನಗೂ."

"ನಿನ್ನೆ ಬೆಳಿಗ್ಗೆ ಆ ಡಬ್ಬಿ ಯಾರು ಮುಟ್ಟಿದ್ರು?"

"ನಿತೀಶ್ ತೂಕ ಎತ್ತುವಾಗ ಜಗನ್ ಅಣ್ಣ ಕೌಂಟರ್ ಹಿಂದೆ ಡಬ್ಬಿ ಅಲ್ಲಾಡಿಸ್ತಿದ್ರು. ನಿತೀಶನ ಮೇಲೆ ಏನ್ ಪ್ರೀತಿ ಬಂತಪ್ಪಾ ಅಂತ ತಮಾಷೆ ಮಾಡ್ದೆ. ಆಗ ಅವರು ನಗ್ಲೇ ಇಲ್ಲ ಮೇಡಂ."

* * *

ಜಿಮ್‌ನ ಗಾಜಿನ ಬೀರುವಿನಲ್ಲಿ ಮಾರಾಟದ ಡಬ್ಬಗಳನ್ನು ಗೋಪುರದ ಹಾಗೆ ಪೇರಿಸಿದ್ದರು. ವಿಮಲಾಕ್ಷಿ ಒಂದೊಂದನ್ನೇ ಇಳಿಸಿದಳು. ಹಿಂದಿನ ಸಾಲಿನಲ್ಲಿ ಎಣ್ಣೆ ತೆಗೆದ ಕಡಲೆಬೀಜದ ಪುಡಿಯ ಡಬ್ಬ. ಸೀಲ್ ಹರಿದಿತ್ತು.

"ಸ್ಯಾಂಪಲ್ ಕೊಡ್ತೀವಿ ಮೇಡಂ," ಅಂದ ಜಗನ್. ಕೆನ್ನೆಯ ಮೇಲೆ ಬೆವರು ಇಳಿಯುತ್ತಿತ್ತು.

"ಜಗನ್, ನೀನು ಮನೇಲಿ ಯಾವತ್ತಾದ್ರೂ ಕಡ್ಲೆಬೀಜ ಪುಡಿ ಮಾಡಿದ್ದೀಯಾ?"

"ಇಲ್ಲ."

"ಮಾಡಿದ್ರೆ ಗೊತ್ತಿರ್ತಿತ್ತು. ಮಿಕ್ಸಿ ತಿರುಗಿಸಿದ್ರೆ ಎಣ್ಣೆ ಬಿಡುತ್ತೆ. ಮುಷ್ಟಿ ಹಿಡಿದ್ರೆ ಉಂಡೆ ಆಗುತ್ತೆ. ಕಾಗದಕ್ಕೆ ಉಜ್ಜಿದ್ರೆ ಕಲೆ ಬೀಳುತ್ತೆ. ನಿತೀಶನ ಡಬ್ಬೀಲಿದ್ದ ಹಿಟ್ಟು ಒಂದು ಚುಕ್ಕೆ ಕಲೆ ಬಿಡಲಿಲ್ಲ. ಅಷ್ಟು ವಾಸನೆ ಇದ್ದೂ ಎಣ್ಣೆ ಇಲ್ಲ. ಅದು ಅಡುಗೆಮನೆಯ ಪುಡಿ ಅಲ್ಲ. ಕಾರ್ಖಾನೆಯದು. ಈ ಡಬ್ಬದ್ದು."

"ಆ ಯಮ್ಮಾನೇ ಅಂಗಡೀಲಿ ತಗೊಂಡಿರಬಹುದು! ಅವಳೇ ಹೇಳಿದ್ಲಲ್ಲ, ಕಡ್ಲೆ ಹಾಕಿದೀನಿ ಅಂತ."

"ಅಲ್ಲೇ ಸಿಕ್ಕಿಬಿದ್ದೆ ನೀನು." ವಿಮಲಾಕ್ಷಿಯ ಧ್ವನಿ ಏರಿತು. "ಗದಗದ ಹುಡುಗಿಗೆ ಕಡ್ಲೆಬೀಜ ಅಂದ್ರೆ ಶೇಂಗಾ. ಹುರಿಗಡಲೆ ಅಂದ್ರೆ ಪುಠಾಣಿ. ಕಡ್ಲಿ ಅಂದ್ರೆ ಉಸುಳಿಗೆ ನೆನೆಸೋ ಕಾಳು. ಮೂರಕ್ಕೂ ಮೂರು ಬೇರೆ ಹೆಸರು. ಅವಳ ಬಾಯಲ್ಲಿ ಈ ಎಡವಟ್ಟು ಆಗೋಕೆ ಸಾಧ್ಯಾನೇ ಇಲ್ಲ. ಹುರಿಗಡಲೇಲೂ ಕಡ್ಲೆ, ಕಡ್ಲೆಬೀಜದಲ್ಲೂ ಕಡ್ಲೆ ಇರೋದು ನಿಮ್ಮೂರ ಮಾತಲ್ಲಿ. ನಿನ್ನ ತಲೇಲಿ ಹುಟ್ಟಿದ ಗೊಂದಲಾನ ಅವಳ ಬಾಯಿಗೆ ತುರುಕಿದೆ. ಅವಳು ಆಡದ ಮಾತನ್ನ ನೀನು ಯಾಕೆ ಕಟ್ಟಿದೆ? ಡಬ್ಬಿಗೆ ಬೆರೆಸಿದೋನಿಗೆ ಮಾತ್ರ ಆ ಕಥೆ ಬೇಕಿತ್ತು."

ಜಗನ್ ಬಾಗಿಲ ಕಡೆ ನೋಡಿದ. ಅಲ್ಲಿ ಚನ್ನಪ್ಪ ನಿಂತಿದ್ದ. ಅವನ ಹಿಂದೆ ಯಾಸಿರ್.

"ನಿತೀಶನಿಗೆ ಕಡ್ಲೆಬೀಜ ಆಗಲ್ಲ ಅಂತ ನಿನಗೆ ಗೊತ್ತಿತ್ತು. ಊಟದ ಪಟ್ಟಿ ಹಾಕಿಕೊಟ್ಟೋನು ನೀನೇ. ಯಾವಾಗ ಕುಡೀತಾನೆ ಅಂತಲೂ ಗೊತ್ತಿತ್ತು. ಅವನು ಸ್ಟೇಜ್ ಹತ್ತಿದ್ರೆ ನಿನ್ನ ಸೂಜಿಯ ಕಥೆ ಹೊರಗೆ ಬರ್ತಿತ್ತು. ಹೌದೋ ಅಲ್ವೋ?"

ದೊಡ್ಡ ಮೈ ಬೆಂಚಿನ ಮೇಲೆ ಕುಸಿಯಿತು.

"ದದ್ದು ಏಳುತ್ತೆ ಅಂದ್ಕೊಂಡೆ ಮೇಡಂ. ಮುಖ ಊದ್ಕೊಂಡ್ರೆ ಭಾನುವಾರ ಸ್ಟೇಜ್ ಹತ್ತಲ್ಲ. ಮನೆ ಹಿಟ್ಟಿನ ಹೆಸರೂ ಕೆಡುತ್ತೆ. ಅಷ್ಟೇ ಸಾಕಿತ್ತು. ಉಸಿರು ನಿಲ್ಲುತ್ತೆ ಅಂತ ದೇವ್ರಾಣೆ ಗೊತ್ತಿರ್ಲಿಲ್ಲ."

"ಮಸಲ್‌ಗೆ ಏನು ಹತ್ತುತ್ತೆ ಅಂತ ಊರಿಗೆಲ್ಲ ಪಾಠ ಹೇಳ್ತೀಯ. ಒಬ್ಬ ಮನುಷ್ಯ ಹೇಗೆ ಸಾಯ್ತಾನೆ ಅಂತ ಗೊತ್ತಿಲ್ವಾ? ಏಳೋ ಮೇಲೆ!"

* * *

ಮಧ್ಯಾಹ್ನ ಆಸ್ಪತ್ರೆಯಲ್ಲಿ ವಿಮಲಾಕ್ಷಿ ಎಲ್ಲವನ್ನೂ ಹೇಳಿ ಮುಗಿಸಿದಳು. ಮುನಿಗಂಗಮ್ಮ ಸೆರಗಿನ ತುದಿ ಹಿಂಡುತ್ತಾ ಕೇಳಿದರು. ಸೊಸೆಯ ಕಡೆ ತಿರುಗಲಿಲ್ಲ.

ವೈದ್ಯೆ ಹೊರಗೆ ಬಂದರು. "ಔಷಧಿ ಇಳಿಸಿ ಬಹಳ ಹೊತ್ತಾಯ್ತು. ಇನ್ನೂ ಎಚ್ಚರ ಆಗ್ತಿಲ್ಲ. ಗೊತ್ತಿರೋ ಧ್ವನಿ ಕರೀತಾ ಇರ್ಬೇಕು."

"ಬೆಳಿಗ್ಗೆಯಿಂದ ಕೂಗ್ತಾನೇ ಇದೀನಿ," ಅಂದರು ಮುನಿಗಂಗಮ್ಮ. ಗಂಟಲು ಬಿದ್ದುಹೋಗಿತ್ತು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು. "ನನ್ನ ಕೂಗು ಅವನಿಗೆ ಮುಟ್ತಿಲ್ಲ. ನೀನು ಹೋಗು."

ಗೌತಮಿ ಹೋದಳು. ಚಪ್ಪಲಿ ಬಾಗಿಲಲ್ಲೇ ಉಳಿಯಿತು.

ಗಾಜಿನಾಚೆ ಅವಳು ಹಾಸಿಗೆಯ ಮೇಲೆ ಬಾಗಿದ್ದು ಕಾಣುತ್ತಿತ್ತು. ಮೊದಲು ಮೆಲ್ಲಗೆ ಏನೋ ಅಂದಳು. ಆಮೇಲೆ ಬಾಯಿ ಜೋರಾಗಿ ಆಡತೊಡಗಿತು. ಕೈ ಬೀಸಿದಳು. ನರ್ಸ್ ತಿರುಗಿ ನೋಡಿದಳು. ಇತ್ತ ಏನೂ ಕೇಳಿಸುತ್ತಿರಲಿಲ್ಲ.

"ಏನಂತಾಳೆ?" ಮುನಿಗಂಗಮ್ಮ ವಿಮಲಾಕ್ಷಿಯ ತೋಳು ಹಿಡಿದುಕೊಂಡರು.

"ಬೈತಿದ್ದಾಳೆ ಅನ್ಸುತ್ತೆ."

ಬಿಳಿ ಹೊದಿಕೆಯ ಮೇಲಿದ್ದ ದಪ್ಪ ಕೈ ಅಲುಗಿತು. ತಡಕಾಡಿತು. ಗೌತಮಿಯ ಬಳೆಗಳ ಮೇಲೆ ಹೋಗಿ ನಿಂತಿತು.

ಮುನಿಗಂಗಮ್ಮ ಗಾಜಿಗೆ ಹಣೆ ಒತ್ತಿದರು. "ಬೈಯಲಿ. ಇನ್ನೂ ಬೈಯಲಿ."